ಅಂಗಾಲಿಗೆ ತಟ್ಟಿದ ಬೆರಳು

ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಉಸಿರಾಡುತ್ತಾ ಉಸಿರಾಡುತ್ತಾ ಇದ್ದಕ್ಕಿದ್ದಂತೆ ಅದನ್ನು ಮರೆತುಬಿಡುತ್ತವೆ. ನೋವಿಲ್ಲ, ಅಳುವಿಲ್ಲ. ಮಾತಿನ ಮಧ್ಯೆ ತಾನೇನು ಹೇಳುತ್ತಿದ್ದೆ ಅನ್ನುವುದೇ ಮರೆತುಹೋದ ಮುದುಕರ ಹಾಗೆ ಸುಮ್ಮನಾಗಿಬಿಡುತ್ತವೆ. ಬಹಳ ಸಲ ಮತ್ತೆ ನೆನಪಾಗುತ್ತದೆ. ಆಗದಿದ್ದರೆ ತುಟಿ ಮೊದಲು ಬೂದಿಯ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ನೀಲಿಗೆ.

ಈ ಮರೆವಿನ ಬೆನ್ನು ಹತ್ತಿ ಅವಳು ತನ್ನ ವಯಸ್ಸಿನ ಚೆಂದದ ಭಾಗವನ್ನೆಲ್ಲ ಸವೆಸಿದ್ದಳು. ಅವಳ ಮಗಳಿಗೆ ಹಲ್ಲು ಬಂದದ್ದು, ಬಿದ್ದದ್ದು, ಮತ್ತೆ ಬಂದದ್ದು ಎಲ್ಲ ಅವಳಿಗೆ ಗಂಡನ ಬಾಯಿಂದಲೇ ಗೊತ್ತಾಗಿತ್ತು. ಅಷ್ಟೆಲ್ಲ ಸವೆಸಿ ಕೊನೆಗೆ ಅವಳು ಮಾಡಿದ್ದು ಒಂದು ಬೆಲ್ಟು. ಎರಡು ಬೆರಳಿನ ಅಗಲದ ಮೆತ್ತನೆಯ ಪಟ್ಟಿ, ಮಗುವಿನ ಹೊಟ್ಟೆಗೆ ಕಟ್ಟುವಂಥದ್ದು. ಹೊಟ್ಟೆ ಏರಿ ಇಳಿಯುವುದನ್ನು ಅದು ಹಿಡಿದು ಪರದೆಯ ಮೇಲೆ ಅಲೆಯಾಗಿ ಎಳೆಯುತ್ತಿತ್ತು. ಆಸ್ಪತ್ರೆಯ ಉಳಿದ ಯಂತ್ರಗಳು ರಕ್ತದಲ್ಲಿ ಆಮ್ಲಜನಕ ಇಳಿದ ಮೇಲೆ ಕೂಗಿಕೊಂಡರೆ, ಬೆಲ್ಟು ಉಸಿರು ನಿಂತ ಗಳಿಗೆಯನ್ನೇ ಕಂಡುಹಿಡಿದು ಬರೆದಿಡುತ್ತಿತ್ತು, ನಿಂತದ್ದು ಕೆಲವು ಕ್ಷಣ ಮೀರಿದರೆ ಮಾತ್ರ ಕೂಗುತ್ತಿತ್ತು. ನವಜಾತ ಶಿಶುಗಳ ವಾರ್ಡಿನ ನರ್ಸುಗಳು ಅವಳಿಗೆ ಬೆಲ್ಟ್ ಡಾಕ್ಟ್ರು ಅಂತಲೇ ಹೆಸರಿಟ್ಟಿದ್ದರು. ಮೊದಮೊದಲು ಮೂಗು ಮುರಿಯುತ್ತಾ, ಆಮೇಲೆ ಅಭ್ಯಾಸವಾಗಿ.

ಆ ವಾರ್ಡಿನ ಬಾಗಿಲು ಅವಳಿಗೆ ತೆರೆದದ್ದು ಅಕ್ಕನಿಂದ. ಅಲ್ಲಿಯ ಹಿರಿಯ ನರ್ಸು ಅವಳ ಸ್ವಂತ ಅಕ್ಕ, ಒಡಹುಟ್ಟಿದವಳು. ಮೊದಲ ದಿನ ಬೆಲ್ಟುಗಳ ಪೆಟ್ಟಿಗೆ ಹೊತ್ತು ಬಂದಾಗ ನರ್ಸುಗಳು ಗೊಣಗಿದ್ದರು. ಈಗಿರುವ ವೈರುಗಳನ್ನು ಬಿಡಿಸುವುದೇ ಒಂದು ಕೆಲಸ, ಇದೊಂದು ಬೇರೆ. ಅಕ್ಕ ಎಲ್ಲರ ಮುಂದೆ, ಇವಳನ್ನು ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೇನೆ, ಇವಳ ಬೆಲ್ಟನ್ನು ನೀವು ಮಕ್ಕಳ ಸೊಂಟಕ್ಕೆ ಕಟ್ಟುವುದಕ್ಕೇನು ಅಂದಿದ್ದಳು. ನಕ್ಕು ಕಟ್ಟಿದರು. ಸ್ನಾನಕ್ಕೆ ಬಿಚ್ಚಿ ಮತ್ತೆ ಕಟ್ಟಿದರು. ಹೊಲಿಗೆ ಬಿಟ್ಟಲ್ಲಿ ತಾವೇ ದಾರ ಹಾಕಿ ಹೊಲಿದರು. ಆ ನರ್ಸುಗಳಿಲ್ಲದೆ ಅವಳ ಸಂಶೋಧನೆ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ಪ್ರಬಂಧದ ಕೊನೆಯಲ್ಲಿ ಅವರಿಗೆಲ್ಲ ಒಟ್ಟಾಗಿ ಒಂದು ಸಾಲಿನ ಕೃತಜ್ಞತೆ ಹೇಳಿದ್ದಳು.

ಆ ಪ್ರಬಂಧ ಒಳ್ಳೆಯ ಹೆಸರು ತಂದಿತು. ಅದರಲ್ಲಿ ಅವಳು ಕಂಡುಕೊಂಡದ್ದು ಇಷ್ಟು: ಈ ಮಕ್ಕಳ ಉಸಿರು ನಿಲ್ಲುವುದು ನಾವು ತಿಳಿದದ್ದಕ್ಕಿಂತ ಎಷ್ಟೋ ಹೆಚ್ಚು ಸಲ, ಆದರೆ ಅದರಲ್ಲಿ ಬಹುಪಾಲು ತಾನಾಗಿಯೇ ಸರಿಹೋಗುತ್ತದೆ, ಯಾವ ಯಂತ್ರವೂ ಕೂಗುವ ಮೊದಲೇ. ಇಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಕೊನೆಯ ಪ್ಯಾರಾದಲ್ಲಿ, ಎಲ್ಲರೂ ಬರೆಯುವಂತೆ, ಇದರಿಂದ ಮುಂದೇನು ಪ್ರಯೋಜನ ಅನ್ನುವುದಕ್ಕೆ ಒಂದು ಮಾತು ಸೇರಿಸಿದಳು: ಬೆಲ್ಟು ಇರುವ ಕಡೆ ಪ್ರತಿ ತೊಟ್ಟಿಲಿನ ಬಳಿಯೂ ಸದಾ ಒಬ್ಬರು ನಿಂತಿರುವ ಅಗತ್ಯ ಕಡಿಮೆಯಾಗಬಹುದು.

ಆಸ್ಪತ್ರೆಯ ನಿರ್ದೇಶಕರು ಪ್ರಬಂಧವನ್ನು ಹಿಂದಿನಿಂದ ಮುಂದಕ್ಕೆ ಓದುವವರು. ಆ ಒಂದು ಮಾತನ್ನು ಹೆಕ್ಕಿಕೊಂಡರು.

ಹೊಸ ವ್ಯವಸ್ಥೆ ಬಂತು. ವಾರ್ಡಿನ ಹೊರಗೆ ಒಂದು ಗಾಜಿನ ಕೋಣೆ, ಅದರಲ್ಲಿ ಸಾಲಾಗಿ ಪರದೆಗಳು, ಪರದೆಗಳ ಮುಂದೆ ಒಬ್ಬಳು ನರ್ಸು. ಒಳಗೆ ಓಡಾಡಲು ಅಕ್ಕ ಮತ್ತು ಇನ್ನೊಬ್ಬಳು. ಉಳಿದವರನ್ನೆಲ್ಲ ಹೊರರೋಗಿಗಳ ವಿಭಾಗಕ್ಕೆ ಕಳಿಸಿದರು, ಬಿಪಿ ನೋಡಿ ಟೋಕನ್ ಕೊಡುವ ಕೆಲಸಕ್ಕೆ. ಸದ್ಯಕ್ಕೆ ಇದು ಪರೀಕ್ಷೆ, ತಿಂಗಳ ಕೊನೆಗೆ ಸಭೆ, ಸಭೆಯಲ್ಲಿ ಒಪ್ಪಿದರೆ ಕಾಯಂ.

ಅಕ್ಕ ಕೂಗಾಡಲಿಲ್ಲ. ಬೆಲ್ಟುಗಳ ಕಪಾಟಿನ ಬೀಗದ ಕೈ ತಂದು ಅವಳ ಮೇಜಿನ ಮೇಲೆ ಇಟ್ಟು, "ನನ್ನ ಹುಡುಗೀರನ್ನ ಓಡಿಸೋಕೆ ಬೆಲ್ಟು ಯಾಕೆ ಹೊಲಿಸಿದ್ಯೇ? ಒಂದು ಬೆತ್ತ ತಂದಿದ್ರೆ ಸಾಕಾಗ್ತಿತ್ತಲ್ಲ," ಅಂದಳು.

ಅವಳು ಸಮಜಾಯಿಷಿ ಹೇಳಲು ನೋಡಿದಳು. ತಾನು ಬರೆದದ್ದು 'ಕಡಿಮೆಯಾಗಬಹುದು' ಅಂತ, 'ತೆಗೆಯಿರಿ' ಅಂತಲ್ಲ. ಆದರೆ ಅಂಕಿ ಅಂಶ ಹೇಳುವುದನ್ನು ತಾನು ಬದಲಾಯಿಸುವಂತಿಲ್ಲವಲ್ಲ, ಮಕ್ಕಳು ತಾವಾಗಿಯೇ ಸುಧಾರಿಸಿಕೊಳ್ಳುತ್ತಿವೆ, ಅದು ನಿಜ ತಾನೇ. ಅಕ್ಕ ಪೂರ್ತಿ ಕೇಳಿಸಿಕೊಂಡು ವಾರ್ಡಿಗೆ ಹೋದಳು. ಆವತ್ತಿನಿಂದ ಮಾತು ನಿಂತಿತು. ವಾರ್ಡಿನಲ್ಲಿ ಎದುರಾದರೆ ಅಕ್ಕ ಅವಳನ್ನು "ಡಾಕ್ಟರೇ" ಅನ್ನತೊಡಗಿದಳು. ಸೊಂಟದ ಮೇಲೆ ಹೊತ್ತವಳ ಬಾಯಲ್ಲಿ ಬಹುವಚನ ಕೇಳುವುದು ಕೆನ್ನೆಗೆ ಏಟು ತಿಂದ ಹಾಗೇ.

ಹೊಸ ವ್ಯವಸ್ಥೆ ಶುರುವಾದ ಮೇಲೆ ಬೆಲ್ಟುಗಳು ಕೂಗತೊಡಗಿದವು. ಮೊದಲು ಅಪರೂಪಕ್ಕೆ ಕೂಗುತ್ತಿದ್ದವು, ಈಗ ಒಂದರ ಹಿಂದೊಂದು ಬಾಯಿಬಡಿದುಕೊಳ್ಳುತ್ತಿದ್ದವು. ಗಾಜಿನ ಕೋಣೆಯ ನರ್ಸು ಮೈಕಿನಲ್ಲಿ ತೊಟ್ಟಿಲಿನ ಗುರುತು ಹೇಳುವುದು, ಒಳಗಿನ ಇಬ್ಬರು ಆ ತುದಿಯಿಂದ ಈ ತುದಿಗೆ ಓಡುವುದು. ಅವಳು ಯಂತ್ರದ ಮೇಲೆ ಅನುಮಾನಪಟ್ಟಳು. ಬೆಲ್ಟುಗಳನ್ನು ಹೊಸದಾಗಿ ತರಿಸಿದಳು, ಬ್ಯಾಟರಿ ಬದಲಾಯಿಸಿದಳು, ಪರದೆಗೆ ಹೋಗುವ ತಂತಿಯನ್ನು ಮೊಣಕಾಲೂರಿ ಕೂತು ತುದಿಯಿಂದ ತುದಿಗೆ ತಡವಿ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಕಿಟಕಿ ಪಕ್ಕದ ತೊಟ್ಟಿಲಿನ ಹೆಣ್ಣುಮಗು, ಒಬ್ಬ ದರ್ಜಿಯ ಹೆಂಡತಿ ಹೆತ್ತದ್ದು, ಉಸಿರು ಮರೆತು ನೀಲಿಗಟ್ಟಿತು. ಅಕ್ಕ ಇನ್ನೊಂದು ತುದಿಯಲ್ಲಿ ಬೇರೆ ಮಗುವಿನ ಬಳಿ ಇದ್ದಳು. ಓಡಿಬಂದು ಮುಖಕ್ಕೆ ಮುಖವಾಡ ಒತ್ತಿ ಗಾಳಿಚೀಲ ಹಿಚುಕಿ ಉಸಿರು ತಂದಳು. ಮಗು ಉಳಿಯಿತು. ಈಗ ಅದರ ಬಾಯಲ್ಲಿ ಕೊಳವೆ ಇದೆ, ಎದೆಯನ್ನು ಯಂತ್ರ ಏರಿಸಿ ಇಳಿಸುತ್ತಿದೆ. ಮಿದುಳಿಗೆ ಏನಾಗಿದೆಯೋ ನಡೆಯುವ ವಯಸ್ಸು ಬರುವವರೆಗೆ ಯಾರೂ ಹೇಳಲಾರರು. ಆ ತಾಯಿ ಗಾಜಿನಾಚೆ ನಿಂತು, ಬೆಲ್ಟು ಕಟ್ಟಿದ್ದಾರಲ್ಲ ಇನ್ನು ಭಯವಿಲ್ಲ ಅಂತ ಪಕ್ಕದವಳಿಗೆ ಹೇಳುತ್ತಿದ್ದದ್ದು ಅವಳ ಕಿವಿಗೆ ಬಿತ್ತು.

ಭಾನುವಾರ ಮಧ್ಯಾಹ್ನ ಅವಳು ಅಕ್ಕನ ಮನೆಗೆ ಹೋದಳು. ಏನಾದರಾಗಲಿ, ಬೈಸಿಕೊಂಡಾದರೂ ಸರಿ, ಕೇಳಬೇಕು ಅಂತ. ವಾರ್ಡಿನಲ್ಲಿ ಮೊದಲಿಗೂ ಈಗಿಗೂ ಏನು ವ್ಯತ್ಯಾಸವಾಗಿದೆ ಅನ್ನುವುದು ಅಕ್ಕನಿಗಾದರೂ ಹೊಳೆದಿರಬಹುದು. ಅಕ್ಕ ಬಾಗಿಲು ತೆಗೆದು, ಒಳಗೆ ಬಾ ಅಂತಲೂ ಅನ್ನದೆ ಬೇಡ ಅಂತಲೂ ಅನ್ನದೆ ಸೋಫಾದ ತುದಿಗೆ ಹೋಗಿ ಕೂತು, ಒಗೆದು ಒಣಗಿಸಿದ ಬಟ್ಟೆಯ ರಾಶಿಯನ್ನು ಮಡಚಲು ಶುರುಮಾಡಿದಳು. ಆ ಸೋಫಾದ ಮೇಲೇ ಭಾವ ಉದ್ದಕ್ಕೆ ಮಲಗಿದ್ದ. ಲಾರಿ ಓಡಿಸುವ ಆಳು, ಮನೆಯಲ್ಲಿದ್ದ ದಿನ ನಿದ್ದೆಯೇ ಅವನ ಉದ್ಯೋಗ. ಅವನ ಗೊರಕೆಯೂ ಲಾರಿಯಂಥದ್ದೇ, ಏರು ಹತ್ತುವಾಗ ಒಂದು ಸದ್ದು, ಇಳಿಯುವಾಗ ಒಂದು.

ಅವಳು ಬೆಲ್ಟಿನ ಕಥೆ ಹೇಳಿದಳು. ಅಕ್ಕ ಅಂಗಿಯ ತೋಳು ಮಡಚುತ್ತಾ, ನಿನಗೆ ಗೊತ್ತಾಗದ್ದು ನನಗೇನು ಗೊತ್ತಾಗುತ್ತೆ, ನಾವು ಕಟ್ಟು ಅಂದರೆ ಕಟ್ಟಿದ್ದೇವೆ, ಬಿಚ್ಚು ಅಂದರೆ ಬಿಚ್ಚಿದ್ದೇವೆ ಅಂದಳು. ಬೇರೆ ಏನೂ ಮಾಡುತ್ತಿರಲಿಲ್ಲವಾ ಅಂತ ಕೇಳಿದ್ದಕ್ಕೆ, ಏನೂ ಇಲ್ಲ ಕಣೇ, ಸುಮ್ಮನೆ ನಿಂತಿರುತ್ತಿದ್ದೆವು, ಅದಕ್ಕೇ ಅಲ್ಲವಾ ನಿಮ್ಮ ನಿರ್ದೇಶಕರು ನಮ್ಮನ್ನು ದಂಡಪಿಂಡ ಅಂದುಕೊಂಡಿದ್ದು ಅಂದಳು.

ಆಗ ಭಾವನ ಗೊರಕೆ ನಿಂತಿತು. ಏರು ಹತ್ತುತ್ತಿದ್ದ ಲಾರಿ ಮಧ್ಯದಲ್ಲೇ ಆರಿಹೋಯಿತು. ಕೋಣೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು. ಅಕ್ಕ ಮಾತು ನಿಲ್ಲಿಸಲಿಲ್ಲ, ಬಟ್ಟೆಯಿಂದ ಕಣ್ಣೂ ಎತ್ತಲಿಲ್ಲ. ಎಡಗೈ ತಾನಾಗಿ ಪಕ್ಕಕ್ಕೆ ಚಾಚಿತು, ತೋರುಬೆರಳು ಗಂಡನ ಅಂಗಾಲಿಗೆ ಟಪ್ಪೆಂದು ಒಂದು ಸಲ ತಟ್ಟಿತು, ಮತ್ತೆ ಬಂದು ದಿಂಬಿನ ಚೀಲ ಹಿಡಿಯಿತು. ಭಾವ ದೊಡ್ಡದಾಗಿ ಉಸಿರೆಳೆದ. ಲಾರಿ ಮತ್ತೆ ಹೊರಟಿತು.

"ಅಕ್ಕ, ಈಗ ಏನು ಮಾಡಿದೆ?"

"ಏನು ಮಾಡಿದೆ? ಬಟ್ಟೆ ಮಡಚ್ತಿದೀನಿ."

"ಭಾವನ ಕಾಲಿಗೆ."

ಅಕ್ಕ ಗಂಡನ ಕಾಲನ್ನೂ ತನ್ನ ಕೈಯನ್ನೂ ನೋಡಿದಳು. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ಕಾದರು. ಮತ್ತೊಂದು ಏರಿನಲ್ಲಿ ಲಾರಿ ನಿಂತಿತು, ಅಕ್ಕನ ಬೆರಳು ತಾನಾಗಿ ಹೊರಟಿತು, ಅರ್ಧದಾರಿಯಲ್ಲಿ ಅವಳೇ ಅದನ್ನು ಕಂಡು ಬೆಚ್ಚಿ ಹಿಂದಕ್ಕೆಳೆದುಕೊಂಡಳು. ತಟ್ಟಿಸಿಕೊಳ್ಳದ ಭಾವ ಒದ್ದಾಡಿ ಎದ್ದು ಕೂತು, ಯಾರು ಬಂದದ್ದು ಅಂತ ಕೇಳಿ ಮತ್ತೆ ಮಲಗಿದ.

ಅಕ್ಕ ಆ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, ವಾರ್ಡಿನಲ್ಲಿ ಮಕ್ಕಳ ಅಂಗಾಲಿಗೂ ಎಲ್ಲರೂ ಹೀಗೇ ಮಾಡುತ್ತೇವೇನೋ, ಹೊಸದಾಗಿ ಬಂದವರೂ ನೋಡಿ ನೋಡಿ ಕಲಿಯುತ್ತಾರೆ, ಯಾರೂ ಹೇಳಿಕೊಟ್ಟದ್ದಲ್ಲ ಅಂದಳು. ಆಡುತ್ತಿದ್ದ ಮಾತು ಬಿಡದೆ, ಹಾದುಹೋಗುವಾಗಲೇ. ಯಾವ ನರ್ಸಿಗೂ ಅದೊಂದು ಕೆಲಸ ಅನ್ನಿಸಿರಲಿಲ್ಲ. ಅನ್ನಿಸದ್ದನ್ನು ಯಾರು ಯಾರಿಗೆ ಹೇಳುತ್ತಾರೆ.

ಮರುದಿನ ಬೆಳಗ್ಗೆ ಅವಳು ಹಳೆಯ ದಾಖಲೆಗಳನ್ನು ತೆರೆದಳು. ಬೆಲ್ಟಿನಿಂದ ಬರುವ ಅಲೆಯಲ್ಲಿ ಕಸ ಇರುತ್ತದೆ: ಮಗು ಕಾಲು ಝಾಡಿಸಿದ್ದು, ಯಾರೋ ತೊಟ್ಟಿಲಿಗೆ ಮೈ ತಾಗಿಸಿದ್ದು. ಆ ಕಸವನ್ನು ಜಾಲಾಡಿ ತೆಗೆಯುವ ಪ್ರೋಗ್ರಾಮನ್ನು ಅವಳೇ ಬರೆದಿದ್ದಳು. ಅವಳಿಗೆ ಅದರ ಮೇಲೆ ಬೆಲ್ಟಿಗಿಂತ ಹೆಚ್ಚು ಅಭಿಮಾನ. ಅದನ್ನು ದಾಟಿ ಬಂದ ಅಲೆ ಇಸ್ತ್ರಿ ಮಾಡಿದ ಸೀರೆಯಂತೆ ನೀಟಾಗಿರುತ್ತಿತ್ತು. ಈಗ ಪ್ರೋಗ್ರಾಮನ್ನು ಬದಿಗಿಟ್ಟು ಮೂಲದ ಅಲೆಯನ್ನೇ ಪರದೆಗೆ ತಂದಳು.

ಅಲೆ, ಅಲೆ, ಅಲೆ. ಆಮೇಲೆ ಚಪ್ಪಟೆ ಗೆರೆ. ಗೆರೆಯ ಕೊನೆಯಲ್ಲಿ ಮುಳ್ಳಿನಂಥ ಒಂದು ಸಣ್ಣ ಚೂಪು. ಆಮೇಲೆ ಮತ್ತೆ ಅಲೆ. ಇನ್ನೊಂದು ಮಗು ತೆರೆದಳು. ಮತ್ತೊಂದು. ತಾನಾಗಿಯೇ ಸರಿಹೋಯಿತು ಅಂತ ತಾನು ಬರೆದ ಎಲ್ಲ ಕಡೆಯೂ ಅಲ್ಲದಿದ್ದರೂ ಎಣಿಸಲು ಮನಸ್ಸು ಬಾರದಷ್ಟು ಕಡೆ ಆ ಮುಳ್ಳು ಇತ್ತು. ವಾರ್ಡಿನ ಒಂದೊಂದು ಬೆರಳನ್ನೂ ಕಸ ಅಂತ ಗುಡಿಸಿ ಹಾಕಿದ್ದಳು. ಅಷ್ಟು ಶುದ್ಧವಾಗಿ ಗುಡಿಸಿದ್ದಕ್ಕೇ ಅವಳಿಗೆ ಹೊಗಳಿಕೆ ಸಿಕ್ಕಿತ್ತು.

ಸಭೆ ಶುಕ್ರವಾರ ಇತ್ತು. ನಿರ್ದೇಶಕರು ಕೆಟ್ಟವರಲ್ಲ, ಅದೇ ತೊಂದರೆ. ಮೃದು ಮಾತಿನವರು, ಅವಳ ಮಗಳು ಯಾವ ತರಗತಿ ಅನ್ನುವುದನ್ನು ಅವಳ ಅತ್ತೆಮಾವನಿಗಿಂತ ಚೆನ್ನಾಗಿ ನೆನಪಿಟ್ಟವರು. ಅವಳು ಪರದೆಯ ಮೇಲೆ ಮುಳ್ಳುಗಳನ್ನು ತೋರಿಸಿದಳು. ತನ್ನ ಫಲಿತಾಂಶ ತಪ್ಪು, ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ನರ್ಸುಗಳನ್ನು ಇವತ್ತೇ ವಾರ್ಡಿಗೆ ಕರೆಸಬೇಕು ಅಂದಳು. ದರ್ಜಿಯ ಮಗುವಿನ ವಿಷಯವನ್ನೂ ಹೇಳಿದಳು. ಪೂರ್ತಿ ಹೇಳಿ ಮುಗಿಸಿದಳು. ತನ್ನ ಹೆಸರು ಮಣ್ಣುಪಾಲಾದರೂ ಸರಿ ಅಂತ ಗಟ್ಟಿಮನಸ್ಸು ಮಾಡಿಯೇ ಬಂದಿದ್ದಳು.

ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಂದ್ರೆ ಡಾಕ್ಟರೇ, ಉಸಿರು ನಿಂತಾಗ ಅಂಗಾಲಿಗೆ ತಟ್ಟಿದ್ರೆ ಮತ್ತೆ ಬರುತ್ತೆ. ಇದು ಖಾತ್ರಿ?"

"ಹೆಚ್ಚಿನ ಸಲ. ಹೌದು."

"ಉಸಿರು ನಿಂತದ್ದು ನಿಮ್ಮ ಬೆಲ್ಟಿಗೆ ಮೊದಲೇ ಗೊತ್ತಾಗುತ್ತೆ."

"ಗೊತ್ತಾಗುತ್ತೆ, ಆದ್ರೆ..."

"ಹಾಗಿದ್ಮೇಲೆ ಅದಕ್ಕೇ ಒಂದು ಬೆರಳು ಕೊಡಿ."

ಮೇಜಿನ ಸುತ್ತ ಎಲ್ಲರ ಮುಖವೂ ದೀಪ ಹಚ್ಚಿದ ಹಾಗಾಯಿತು. ಕಾಲಿಗೆ ಕಟ್ಟುವ ಸಣ್ಣ ಮೋಟರು. ಬೆಲ್ಟು ಹೇಳುತ್ತದೆ, ಮೋಟರು ತಟ್ಟುತ್ತದೆ. ಯಾರೋ ಪೇಟೆಂಟು ಅಂದರು, ಯಾರೋ ಚಪ್ಪಾಳೆಯನ್ನೇ ತಟ್ಟಿದರು. ಅವಳು ತಪ್ಪು, ತಪ್ಪು ಅಂತ ಇನ್ನೂ ಹೇಳುತ್ತಲೇ ಇದ್ದಳು. ನಿರ್ದೇಶಕರು ತಂದೆಯ ಹಾಗೆ ಕೈ ಎತ್ತಿ, ತಪ್ಪು ಅನ್ನುವುದು ದೊಡ್ಡ ಮಾತು, ಇದನ್ನು ಎರಡನೇ ಭಾಗ ಅನ್ನಿ ಅಂದರು. ಪ್ರಬಂಧ ಹಿಂತೆಗೆದುಕೊಳ್ಳಲು ಜೊತೆ ಲೇಖಕರೆಲ್ಲರ ಒಪ್ಪಿಗೆ ಇದ್ದರೆ ಒಳ್ಳೆಯದಲ್ಲವೇ, ಜೊತೆ ಲೇಖಕರಲ್ಲಿ ತಾನೂ ಒಬ್ಬ, ಎರಡನೇ ಭಾಗ ಬಂದಾಗ ಮೊದಲನೆಯದರ ತಿದ್ದುಪಡಿ ಅದರಲ್ಲೇ ಸೇರಿಹೋಗುತ್ತದೆ ಅಂತಲೂ ಸೇರಿಸಿದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಅವಳ ತಪ್ಪೊಪ್ಪಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡುಬಿಟ್ಟರು.

ಮುಳುಗುವವಳು ಕೈಗೆ ಸಿಕ್ಕಿದ್ದನ್ನು ಹಿಡಿಯುವಂತೆ ಅವಳು ಒಂದು ಮಾತು ಹಿಡಿದಳು. ಮೋಟರು ಎಷ್ಟು ಬಲವಾಗಿ ತಟ್ಟಬೇಕು, ಯಾವ ಗಳಿಗೆಗೆ, ಅಂಗಾಲಿನ ಯಾವ ಜಾಗಕ್ಕೆ, ಇದೆಲ್ಲ ನರ್ಸುಗಳ ಬೆರಳಿಂದಲೇ ಅಳೆಯಬೇಕು, ಅದಕ್ಕೆ ಅವರೆಲ್ಲ ವಾರ್ಡಿನಲ್ಲಿ ಇರಲೇಬೇಕು ಅಂದಳು. ನಿರ್ದೇಶಕರು ಕೂಡಲೇ ಒಪ್ಪಿದರು. ಅಳತೆ ಮುಗಿಯುವವರೆಗೆ ಎಲ್ಲರೂ ವಾರ್ಡಿಗೆ ವಾಪಸ್ಸು. ಮುಗಿದ ದಿನ ಹೊಸ ವ್ಯವಸ್ಥೆ ಕಾಯಂ.

ಸುದ್ದಿ ಹೇಳಲು ಅಕ್ಕನ ಬಳಿ ಹೋದಾಗ ಅಕ್ಕ ವಾರ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ ನಿಂತೇ ಟೀ ಕುಡಿಯುತ್ತಿದ್ದಳು. ಪೂರ್ತಿ ಕೇಳಿದಳು.

"ಅಂದ್ರೆ ನಮ್ಮ ಬೆರಳನ್ನ ನಾವೇ ಕತ್ತರಿಸಿ ನಿನ್ನ ಕೈಗೆ ಕೊಡಬೇಕು."

"ಸದ್ಯಕ್ಕೆ ಎಲ್ಲರೂ ವಾಪಸ್ ಬರ್ತಾರಲ್ಲ ಅಕ್ಕ. ಮಕ್ಕಳಿಗೋಸ್ಕರ..."

"ಮಕ್ಕಳ ಹೆಸರು ಎತ್ತಬೇಡ." ಅಕ್ಕ ಲೋಟ ತೊಳೆದು ಬೋರಲು ಹಾಕಿದಳು. "ಎಷ್ಟು ದಿನ ಎಳೀತೀಯ ಇದನ್ನ?"

"ಎಳೆಯೋಕಾದಷ್ಟು ಎಳೀತೀನಿ. ಅಳತೆ ಸರಿ ಬರ್ತಿಲ್ಲ, ಇನ್ನೂ ಬೇಕು ಅಂತೀನಿ. ವರ್ಷಗಟ್ಟಲೆ ಅಂತೀನಿ. ಅಷ್ಟರಲ್ಲಿ ಏನಾದ್ರೂ ಮಾಡ್ತೀನಿ."

"ನೀನಾ?" ಅಕ್ಕನ ಬಾಯಿಂದ ನಗುವಿನಂಥ ಏನೋ ಬಂತು. "ರಜೆ ಶುರುವಾದ ದಿನವೇ ಹೋಮ್‌ವರ್ಕೆಲ್ಲ ಮುಗಿಸಿ, ನಮ್ಮ ಬೀದಿಯ ಮಕ್ಕಳಿಗೆಲ್ಲ ಬೈಗುಳ ತಿನ್ನಿಸ್ತಿದ್ದವಳು ನೀನು. ಕೆಲಸ ಕೆಡಿಸೋದು ನಿನ್ನ ಕೈಲಿ ಆಗೋದಲ್ಲ ಕಣೇ."

ಆಗುತ್ತದೆ ಅಂತ ಅವಳು ಆಣೆ ಮಾಡಿ ಹೇಳಿದಳು. ಅಕ್ಕ ನಂಬಿದಳೋ ಇಲ್ಲವೋ, ಬೇರೆ ದಾರಿ ಇರಲಿಲ್ಲ. ಟೋಕನ್ ಕೊಡುತ್ತಿದ್ದವರನ್ನು ವಾಪಸ್ ಕರೆಸಿಕೊಂಡಳು. ಗಾಜಿನ ಕೋಣೆಗೆ ಬೀಗ ಬಿತ್ತು. ಬೆಲ್ಟುಗಳ ಕೂಗಾಟ ಆ ದಿನವೇ ತಗ್ಗಿತು. ದರ್ಜಿಯ ಮಗು ಮಾತ್ರ ಕೊಳವೆಯ ಜೊತೆ ಹಾಗೇ ಇತ್ತು.

ಅಳತೆಗೆ ಅವಳು ಒಂದು ಟೋಪಿ ಮಾಡಿಸಿದಳು, ತೋರುಬೆರಳಿನ ತುದಿಗೆ ಹಾಕುವಂಥದ್ದು, ಒಳಗೆ ತಟ್ಟಿದ ಬಲವನ್ನು ಅಳೆಯುವ ತೆಳ್ಳನೆಯ ತಂತಿ. ಮೊದಲು ಅಕ್ಕನ ಬೆರಳಿಗೇ ಹಾಕಿದಳು. ಆಗ ಒಂದು ವಿಚಿತ್ರವಾಯಿತು. ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡು ಸರಿಯಾದ ಗಳಿಗೆಗೆ ಹೋಗುತ್ತಿದ್ದ ಬೆರಳು ಈಗ ತಡವರಿಸಿತು. ಮೊದಲನೆಯದು ಬೇಗ ಬಿತ್ತು, ಮಗು ಬೆಚ್ಚಿ ಅತ್ತಿತು. ಎರಡನೆಯದು ಅಂಗಾಲು ಬಿಟ್ಟು ಹಿಮ್ಮಡಿಗೆ ತಾಗಿತು. ಅಕ್ಕ ತನ್ನ ಕೈಯನ್ನು ಬೇರೆ ಯಾರದ್ದೋ ಅನ್ನುವಂತೆ ನೋಡಿ, ನೋಡ್ತಾ ಇದ್ದರೆ ಬರೋದಿಲ್ಲ ಇದು ಅಂದಳು. ತಂಗಿಗೆ ಒಳಗೊಳಗೇ ನೆಮ್ಮದಿಯಾಯಿತು. ಸುಳ್ಳು ಹೇಳುವ ಅಗತ್ಯವೇ ಇಲ್ಲ, ಅಳತೆ ತಾನಾಗಿಯೇ ಕೆಡುತ್ತಿದೆ. ಹೀಗೇ ಹೋದರೆ ವರ್ಷಗಳೇ ಹಿಡಿಯುತ್ತವೆ.

ಆಗ ಬಾಗಿಲ ಬಳಿಯ ತೊಟ್ಟಿಲಿನ ಮಗು ಉಸಿರು ಮರೆಯಿತು. ಅಕ್ಕ ಅದರ ಪಕ್ಕದಲ್ಲೇ ಇದ್ದಳು. ಕೈ ಎತ್ತಿದಳು, ಬೆರಳ ತುದಿಯ ಟೋಪಿ ಕಣ್ಣಿಗೆ ಬಿತ್ತು, ಕೈ ಗಾಳಿಯಲ್ಲೇ ನಿಂತಿತು. ಇಷ್ಟು ವರ್ಷಗಳ ಕೆಲಸದಲ್ಲಿ ಆ ಕೈ ಹಾಗೆ ನಿಂತದ್ದು ಅದೇ ಮೊದಲು. ಗೆರೆ ಚಪ್ಪಟೆಯಾಗಿ ಓಡುತ್ತಲೇ ಇತ್ತು, ಮಗುವಿನ ತುಟಿಯ ಅಂಚು ಬೂದಿಯಾಗತೊಡಗಿತು. ಅಕ್ಕ ಕಣ್ಣು ಮುಚ್ಚಿದಳು. ಬೆರಳು ಬಿತ್ತು. ಮಗು ಉಸಿರೆಳೆಯಿತು.

ತಂಗಿ ಮಗುವನ್ನು ನೋಡುತ್ತಿರಲಿಲ್ಲ. ಪರದೆಯನ್ನು ನೋಡುತ್ತಿದ್ದಳು. ಅಲ್ಲಿ ಎರಡು ಗೆರೆಗಳು ಒಂದರ ಕೆಳಗೊಂದು ಎದ್ದಿದ್ದವು: ಮೇಲೆ ಬೆರಳಿನ ಬಲ, ಕೆಳಗೆ ಅದಕ್ಕೆ ಹೊಟ್ಟೆ ಕೊಟ್ಟ ಉತ್ತರ. ಎಲ್ಲೂ ಕಲಬೆರಕೆಯಿಲ್ಲ. ಎಷ್ಟು ಬಲ, ಎಷ್ಟು ಹೊತ್ತಿನ ಮೇಲೆ, ಉಸಿರು ಎಷ್ಟರಲ್ಲಿ ತಿರುಗಿ ಬಂತು, ಎಲ್ಲ ಅಂಗೈಯಲ್ಲಿಟ್ಟಂತೆ. ಇಷ್ಟು ವರ್ಷ ಹುಡುಕಿದರೂ ಇಂಥ ಚೆಲುವಾದ ಗೆರೆಯನ್ನು ಅವಳು ಕಂಡಿರಲಿಲ್ಲ.

"ಸಿಕ್ತು," ಅಂದಳು. ಬಾಯಿಂದ ಜಾರಿಹೋಯಿತು.

ಅಕ್ಕ ಕಣ್ಣು ತೆರೆದು ಅವಳ ಮುಖವನ್ನೇ ನೋಡಿದಳು. ಮೆತ್ತಗೆ, ಜ್ವರ ಬಂದ ಮಗುವನ್ನು ಕೇಳುವವಳಂತೆ ಕೇಳಿದಳು:

"ಇಂಥದ್ದು ಇನ್ನೆಷ್ಟು ಬೇಕಾಗುತ್ತೆ ನಿನಗೆ?"

ಲೆಕ್ಕವಿಲ್ಲದಷ್ಟು ಅನ್ನಬೇಕಿತ್ತು. ಅದನ್ನೇ ಅನ್ನಲು ಎಷ್ಟು ಸಲ ಅಭ್ಯಾಸ ಮಾಡಿದ್ದಳು. ಆದರೆ ಅವಳ ಕಣ್ಣು ಇನ್ನೂ ಪರದೆಯ ಮೇಲೇ ಇತ್ತು.

"ಇಷ್ಟು ಚೆನ್ನಾಗಿ ಬಂದ್ರೆ," ಅಂದಳು, "ಹೆಚ್ಚೇನೂ ಬೇಡ ಅಕ್ಕ."

ಅಕ್ಕ ಬೆರಳಿನ ಟೋಪಿಯನ್ನು ಬಿಗಿಮಾಡಿಕೊಂಡು ಮುಂದಿನ ತೊಟ್ಟಿಲಿಗೆ ಹೋದಳು. "ಬನ್ನಿ ಡಾಕ್ಟರೇ," ಅಂದಳು.